ಭಾರದ ಲೆಕ್ಕ

ಪರೇಲಿನ ಚಾಳು. ಹತ್ತು ಬೈ ಹನ್ನೆರಡರ ಖೋಲಿ.
ಹಗಲು ಮಂಚ ಛಾವಣಿಗೇರಬೇಕು,
ಕೆಳಗೆ ನನ್ನ ಹೊಲಿಗೆ ಮಿಷನ್ನು, ಗಿರಾಕಿಗಳ ಬ್ಲೌಸು.

ಕುರ್ಲಾದ ಗುಜರಿಯಿಂದ ಇವರು ತಂದರು
ಯಾವುದೋ ಟ್ಯಾಕ್ಸಿಯ ವೈಪರ್ ಮೋಟಾರು.
ಮೂಲೆಗೊಂದು ತಿರುಪಿನ ಸರಳು,
ನಾಲ್ಕೂ ಒಟ್ಟಿಗೆ ತಿರುಗಲಿಕ್ಕೆ
ಒಂದೇ ಸೈಕಲ್ ಚೈನು.

ಪ್ಲೈವುಡ್ಡು ಇಪ್ಪತ್ತೆರಡು ಕಿಲೋ,
ಹತ್ತಿ ಹಾಸಿಗೆ ಹದಿನಾಲ್ಕು,
ಪೆನ್ಸಿಲಿನ ತುದಿ ಕಚ್ಚುತ್ತ, ತಲೆಯೆತ್ತದೆ ಕೇಳಿದರು:
‘ನೀನೆಷ್ಟು?’
‘ಖಾಲಿ ಮಂಚಕ್ಕೆ ನನ್ನ ತೂಕ ಯಾಕೆ?’
‘ಪರೀಕ್ಷೆಗೆ.’
‘ಐವತ್ತೆಂಟು,’ ಎಂದೆ.

ದಸರೆಯ ದಿನ ಮೋಟಾರಿಗೆ ಕುಂಕುಮ, ಸರಳಿಗೆ ಗ್ರೀಸು.
ಪೆಡ್ಣೇಕರ್ ಬಾಯಿ ಬಾಗಿಲಲ್ಲೇ ಕೈಮುಗಿದರು.
ಗುರ್ರೆಂದು ಏರಿತು ನನ್ನನ್ನು ಹೊತ್ತು,
ಇವರ ಎದೆಮಟ್ಟಕ್ಕೆ ಬಂದು
ಮುಕ್ಕಿ, ನಿಂತಿತು.
ಫ್ಯೂಸು ಸುಟ್ಟ ವಾಸನೆ.

‘ಬೀಳಲ್ಲ. ತಿರುಪು ತಾನಾಗಿ ಹಿಂದಕ್ಕೆ ತಿರುಗಲ್ಲ.’
ಜೇಬಿನ ಚೀಟಿ ತೆಗೆದು ಮತ್ತೆ ಕೂಡಿದರು,
ಮತ್ತೊಮ್ಮೆ ಕೂಡಿದರು.

ಮೇಲೆ ಕೂತು ನಾನು
ಕಪಾಟಿನ ತಲೆಯ ಮೇಲಿನ ಧೂಳು ಕಂಡೆ,
ಹೋದ ವರ್ಷ ಕಳೆದ ಇಂಚುಪಟ್ಟಿ ಕಂಡೆ,
ಬಗ್ಗಿದ ಇವರ ನೆತ್ತಿಯಲ್ಲಿ
ಎಂಟಾಣೆಯಗಲದ ಬೋಳು,
ಇಷ್ಟು ದಿನ ನೋಡಿರಲೇ ಇಲ್ಲ.

‘ಅರವತ್ತೇಳು,’ ಎಂದೆ ಮೆಲ್ಲಗೆ.

ನಗಲಿಲ್ಲ. ಹೊಡೆದು ಹಾಕಿ ಬರೆದುಕೊಂಡರು.
‘ಅಲ್ಲೇ ಇರು,’ ಎಂದು
ಪೆಡ್ಣೇಕರರ ಸ್ಟೂಲು ತರಲು ಹೋದರು.