ಸೊನ್ನೆ ಎಣಿಸುವ ಕೆಲಸ

ಕೆಮ್ನಿಟ್ಸಿನಲ್ಲಿ, ಕಾಲುಚೀಲದ ಕಾರ್ಖಾನೆಯ ಬೆನ್ನಿಗೆ
ಅಂಟಿಕೊಂಡಿದ್ದ ಅಚ್ಚುಕೂಟದಲ್ಲಿ
ಕರಡು ತಿದ್ದುತ್ತಿದ್ದವಳು ನಾನು, ವಾಲ್ಬುರ್ಗಾ ಊಲಿಗ್.
ಇಪ್ಪತ್ತಮೂರನೆಯ ಇಸವಿ. ನನಗೆ ಹತ್ತೊಂಬತ್ತು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸೊನ್ನೆ ಎಣಿಸುವುದೇ ಕೆಲಸ:
ಆಗಸ್ಟಿನ ನೋಟಿಗೆ ಆರು, ಅಕ್ಟೋಬರಿಗೆ ಒಂಬತ್ತು,
ಹಿಮ ಬೀಳುವ ಹೊತ್ತಿಗೆ ಹನ್ನೆರಡು.
ಒಂದು ಕಡಿಮೆಯಾದರೆ ಬೈಗುಳ.
ಒಂದು ಹೆಚ್ಚಾದರೆ ಯಾರೂ ಏನೂ ಅನ್ನುತ್ತಿರಲಿಲ್ಲ,
ಸಂಜೆಯೊಳಗೆ ಅದೇ ಸರಿಯಾಗುತ್ತಿತ್ತು.

ಶಾಯಿ ಸಾಲದು. ಒಂದೇ ಮಗ್ಗುಲು ಅಚ್ಚು,
ಇನ್ನೊಂದು ಮಗ್ಗುಲು ಬೋಳು.

ಅಪ್ಪ ಮೂವತ್ತು ವರ್ಷ ಯಂತ್ರದ ಮುಂದೆ ನಿಂತು ಕೂಡಿಟ್ಟ ಗಂಟಿಗೆ
ಬಂದದ್ದು ಒಂದು ಬೀಗ.
ಆಲೂಗಡ್ಡೆಯ ಪೆಟ್ಟಿಗೆಗೆ ಅದನ್ನು ಜಡಿದು
ಕೀಲಿಕೈಯನ್ನು ಶಿಲುಬೆ ತೂಗುತ್ತಿದ್ದ ದಾರಕ್ಕೇ ಪೋಣಿಸಿಕೊಂಡ.
ಅವತ್ತಿನಿಂದ ಎದುರುಮನೆಯ ಲೈಸರ್ ರೋತ್, ಕೈಗವಸಿನ ವ್ಯಾಪಾರಿ,
ಮೆಟ್ಟಿಲಲ್ಲಿ ಸಿಕ್ಕರೆ
ಅಪ್ಪನ ಕೈ ತಂತಾನೇ ಎದೆಯ ಮೇಲೆ ಹೋಗುತ್ತಿತ್ತು.
ಪ್ರಾರ್ಥನೆಗಲ್ಲ.

ಆಮೇಲೆ ಐದು ವರ್ಷ ಒಳ್ಳೆಯವು. ಹೊಸ ನೋಟು, ಎರಡೂ ಮಗ್ಗುಲು ಹೂಬಳ್ಳಿ.
ಅಮೆರಿಕದ ಸಾಲದಲ್ಲಿ ಊರಿಗೆ ಈಜುಕೊಳ ಬಂತು,
ಎಗೋನ್, ನನ್ನ ತಮ್ಮ, ಅದರಲ್ಲಿ ಈಜು ಕಲಿತ.
ಮತ್ತೆ ಒಂದು ಅಕ್ಟೋಬರ್. ಕಡಲಾಚೆಯ ಯಾವುದೋ ಬೀದಿಯಲ್ಲಿ
ಕಾಗದ ಬಿತ್ತಂತೆ.
ಕಾಗದ ಬಿದ್ದರೂ ಸದ್ದಾಗುತ್ತದೆಯೇ ಎಂದು ನಕ್ಕಿದ್ದೆವು.
ಸಾಲ ಕೊಟ್ಟವರು ವಾಪಸು ಕೇಳಿದರು. ಸುಂಕದ ಗೋಡೆ ಎದ್ದಿತು.
ನ್ಯೂಯಾರ್ಕಿನ ಹೆಂಗಸರು ನಮ್ಮ ಕಾಲುಚೀಲ ಕೊಳ್ಳುವುದು ಬಿಟ್ಟರು.
ಪತ್ರಿಕೆಯ ಮೂಲೆ ತುಂಬಲು ನಾಲ್ಕು ಸಾಲು ಬೇಕಿತ್ತು, ಹಾಕಿದೆವು:
ಜಪಾನಿನ ಹಳ್ಳಿಗಳಲ್ಲಿ ರೇಷ್ಮೆಗೂಡು ಕೇಳುವವರಿಲ್ಲ,
ಹೆಣ್ಣುಮಕ್ಕಳನ್ನು ಮಾರುತ್ತಿದ್ದಾರೆ,
ಗಂಡುಮಕ್ಕಳು ಪಲ್ಟನ್ ಸೇರುತ್ತಿದ್ದಾರೆ.
ಒಂದೇ ಎಳೆ. ಅತ್ತ ತುದಿ ಅವರ ಆರಿದ ಒಲೆಯಲ್ಲಿ, ಇತ್ತ ತುದಿ ನಮ್ಮದರಲ್ಲಿ.
ಆಗ ಹೊಳೆಯಲಿಲ್ಲ. ಅಕ್ಷರದೋಷ ಮಾತ್ರ ನೋಡಿದೆ.

ಎಗೋನ್ ಎರಡು ವರ್ಷ ಸಾಲಿನಲ್ಲಿ ನಿಂತ, ಸೂಪಿಗೆ.
ಮೂರನೆಯ ವರ್ಷ ಇನ್ನೊಂದು ಸಾಲಿನಲ್ಲಿ ನಿಂತ,
ಅಲ್ಲಿ ಬೂಟು ಕೊಟ್ಟರು.
ಹೊಟ್ಟೆಗೆ ಹಿಟ್ಟಿಲ್ಲದವನು ಬೂಟಿಗೆ ಪಾಲಿಶ್ ಹಚ್ಚುತ್ತಾ ಸಿಳ್ಳೆ ಹಾಕಿದ.
ಮನೆಯಲ್ಲಿ ಸಿಳ್ಳೆ ಕೇಳಿ ಎಷ್ಟು ಕಾಲವಾಗಿತ್ತು!
ಅವ್ವ ಅತ್ತಳು, ಸಂತೋಷಕ್ಕೆ.

ಅದೇ ವಾರ ಗೋಡೆಗೆ ಅಂಟಿಸುವ ಹಾಳೆಯೊಂದು ನನ್ನ ಮೇಜಿಗೆ ಬಂತು.
ನಿಮ್ಮ ಉಳಿತಾಯ ತಿಂದವರು ಯಾರು ಎಂದು ಕೇಳಿ
ಉತ್ತರವನ್ನೂ ತಾನೇ ಕೊಟ್ಟಿತ್ತು, ದಪ್ಪ ಅಕ್ಷರದಲ್ಲಿ.
ಎದುರುಮನೆಯ ಬಾಗಿಲು ಕಣ್ಣಿಗೆ ಕಟ್ಟಿತು.
ಒಂದು ಅಲ್ಪವಿರಾಮ ತಪ್ಪಾಗಿತ್ತು.
ತಿದ್ದಿದೆ. ಸಹಿ ಹಾಕಿದೆ.

ಮೂವತ್ತೇಳರಲ್ಲಿ ರಾತ್ರಿಪಾಳಿ. ಕಿಟಕಿಗೆ ಕಪ್ಪು ಬಟ್ಟೆ.
ರೊಟ್ಟಿಯ ಚೀಟಿ, ಕೊಬ್ಬಿನ ಚೀಟಿ, ಸಕ್ಕರೆಯ ಚೀಟಿ.
ತಾರೀಕಿನ ಜಾಗ ಖಾಲಿ ಬಿಡಿ, ಎಂದರು.
ಆಗ ಅಂಗಡಿಗಳಲ್ಲಿ ರೊಟ್ಟಿ ಇತ್ತು, ಶನಿವಾರ ಜನ ಕುಣಿಯುತ್ತಿದ್ದರು.
ಯುದ್ಧ ಶುರುವಾದದ್ದು ಗಡಿಯಲ್ಲಿ, ಸೆಪ್ಟೆಂಬರಿನಲ್ಲಿ ಎನ್ನುತ್ತಾರೆ.
ನಾನು ಅದನ್ನು ಎರಡು ವರ್ಷ ಮೊದಲೇ ಹಸಿ ಶಾಯಿಯಲ್ಲಿ ಕಂಡಿದ್ದೆ,
ನೂರರ ಕಟ್ಟು ಕಟ್ಟಿ ಉಗ್ರಾಣಕ್ಕೆ ಹೊರಿಸಿದ್ದೆ.

ರೋತ್ ಮನೆ ಆಮೇಲೆ ಖಾಲಿಯಾಯಿತು. ಎಲ್ಲಿಗೆ ಹೋದರು ಎಂದು
ಯಾರೂ ಕೇಳಲಿಲ್ಲ. ನಾನೂ.

ನಲವತ್ತೆರಡರ ಚಳಿಯಲ್ಲಿ ಎಗೋನನ ಕಾಗದ, ಪೂರ್ವದಿಂದ.
ಬರೆಯಲು ಹಾಳೆ ಸಿಗದೆಂದು ಹೊರಡುವಾಗ
ಅಪ್ಪನ ಹಳೆಯ ನೋಟಿನ ಕಟ್ಟು ಒಯ್ದಿದ್ದ.
ಅಭ್ಯಾಸಬಲ, ಮೊದಲು ಸೊನ್ನೆ ಎಣಿಸಿದೆ.
ಹನ್ನೆರಡು. ಸರಿಯಾಗಿದೆ.
ಆಮೇಲೆ ತಿರುಗಿಸಿ ಬೋಳು ಮಗ್ಗುಲು ಓದಿದೆ:

ಅಕ್ಕಾ, ಇಲ್ಲಿಯವರು ಆಲೂಗಡ್ಡೆಗೆ ಬೀಗ ಹಾಕುವುದಿಲ್ಲ.
ಅಪ್ಪನಿಗೆ ಹೇಳಬೇಡ.