ಹಿಂದೆ ಸರಿಯಲು ಜಾಗ

ಚೀಟಿ ಕೂಗಿ, ಕಸರು ಬಿಟ್ಟು ಕೈಗೆ ಬಂದದ್ದು
ಇಪ್ಪತ್ತೆರಡು ಸಾವಿರದ ನಾನೂರು.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಪಕ್ಕದ ತಕ್ಕಡಿಯ ಗಂಗುಲಪ್ಪ ಹೇಳಿದ: ಕ್ಯಾನನ್ ತಗೊ.
ಮಧ್ಯಾಹ್ನ ಡಬ್ಬಿ ತೊಳೆಯುತ್ತಾ ಅಂದ: ಬೇಡ, ನಿಕಾನ್.
ಅವನ ಹತ್ತಿರ ಎರಡೂ ಇಲ್ಲ.

ಜೂಮ್ ಎಷ್ಟು, ಅಂದಳು ಅತ್ತಿಗೆ.
ಮೆಗಾಪಿಕ್ಸೆಲ್ ಎಷ್ಟು, ಅಂದ ಅವಳ ಮಗ.
ಫೋನಿನಲ್ಲಿ ಬರಲ್ಲವಾ, ಅಂದಳು ಅಮ್ಮ.
ಅಮ್ಮನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಆರು ತಿಂಗಳು ರಾತ್ರಿ ಹೊತ್ತು ಓದಿದ್ದೆ.
ಎಫ್ ಅಕ್ಷರದ ಮುಂದಿನ ಅಂಕಿ ಚಿಕ್ಕದಾದಷ್ಟೂ
ಲೆನ್ಸಿನ ಕಣ್ಣು ದೊಡ್ಡದಂತೆ.
ತಲೆಕೆಳಗಾದ ಈ ಲೆಕ್ಕ ನನಗೆ ಬೇಗ ಹಿಡಿಯಿತು.
ಹರಾಜಿನಲ್ಲಿ ಬೆಲೆ ಬಿದ್ದ ದಿನವೇ ಅಲ್ಲವೆ
ನನ್ನ ತಕ್ಕಡಿಗೆ ಪುರುಸೊತ್ತಿಲ್ಲದ್ದು?

ಚಿಂತಾಮಣಿಯಲ್ಲಿ ಪಿಳ್ಳಾಂಜಿನಪ್ಪ
ಸ್ಟುಡಿಯೊ ಮುಚ್ಚುತ್ತಿದ್ದರು.
ಗೋಡೆಯಿಂದ ಇಳಿಸಿದ ಕಾಶ್ಮೀರದ ಪರದೆ
ಸುರುಳಿಯಾಗಿ ಮೂಲೆಯಲ್ಲಿ ನಿಂತಿತ್ತು.
ಕ್ಯಾಮೆರಾ ಬಾಡಿ ಹದಿನೈದು ಸಾವಿರ,
ನಲವತ್ತೊಂದು ಸಾವಿರ ಸಲ ಕಣ್ಣು ಮಿಟುಕಿಸಿದೆ,
ಎಲ್ಲ ಮದುವೆಗಳೇ, ಅಂದರು,
ಮದುವೆಗೆ ಹೋಗಿ ಬಂದದ್ದಕ್ಕೆ ಏನೂ ಆಗಿರುವುದಿಲ್ಲ ಎನ್ನುವ ಹಾಗೆ.
ಎರಡು ಲೆನ್ಸ್ ಮೇಜಿನ ಮೇಲಿಟ್ಟರು.
ಹದಿನೆಂಟರಿಂದ ಐವತ್ತೈದು: ಮೂರು ಸಾವಿರ.
ಬರೀ ಐವತ್ತು: ಆರೂವರೆ.

ಹಿಂದಕ್ಕೂ ಮುಂದಕ್ಕೂ ಹೋಗುವುದಕ್ಕೆ ಕಡಿಮೆ,
ಇದ್ದಲ್ಲೇ ಇರುವುದಕ್ಕೆ ಹೆಚ್ಚು?
ಅವರು ನಗಲಿಲ್ಲ.
ಹಳೇ ಡಾರ್ಕ್‌ರೂಮಿನ ಬಾಗಿಲು ತೆಗೆದರು. ಒಳಗೀಗ ಈರುಳ್ಳಿ ಚೀಲ.
ಹೋಗಮ್ಮ, ಎರಡರಲ್ಲೂ ಒಂದೊಂದು ಹೊಡಿ.

ಮೊದಲನೆಯದು ತಡಕಾಡಿತು,
ತಲೆ ಮೇಲಿನ ಫ್ಲಾಶ್ ತಾನೇ ಎದ್ದು
ಈರುಳ್ಳಿಯ ಮೇಲೆ ಸುಣ್ಣ ಎರಚಿತು.
ಎರಡನೆಯದಕ್ಕೆ ಬಾಗಿಲ ಸಂದಿ ಸಾಕಾಯಿತು.
ಸಿಪ್ಪೆಯ ಒಂದು ಅಂಚು ಕೆಂಪಗೆ, ಒದ್ದೆಯಾದಂತೆ,
ಮಿಕ್ಕದ್ದೆಲ್ಲ ಕತ್ತಲೆಯಾಗಿಯೇ ಉಳಿಯಿತು.

ಗಾಜಿನೊಳಗೆ ಬೂಷ್ಟು ಇದೆಯೇ ಅಂತ ಟಾರ್ಚು ಬಿಟ್ಟು ನೋಡಿದೆ.
ಒಂದು ಕೂದಲೆಳೆ ಇತ್ತು. ಅದಕ್ಕೆ ಮುನ್ನೂರು ಇಳಿಸಿದರು.
ಕಾರ್ಡು, ಚೀಲ, ಬಸ್ ಚಾರ್ಜು ಕಳೆದು
ನೂರ ಹತ್ತು ಉಳಿಯಿತು. ಬೋಂಡಾ ತಿಂದೆ.

ಮರುದಿನ ಜೈತೂನ್‌ಬಿ ನೂಲು ಬಿಚ್ಚುವ ಶೆಡ್ಡಿಗೆ ಹೋದೆ.
ಬಾಣಲೆಯಲ್ಲಿ ಗೂಡು ಕುಣಿಯುತ್ತಿದ್ದವು,
ಹಬೆ ಬಂದು ನನ್ನ ಆರೂವರೆ ಸಾವಿರವನ್ನು ಮುಚ್ಚಿತು.
ಸೆರಗಿನಿಂದ ಒರೆಸಿದೆ. ಒರೆಸಬಾರದಂತೆ. ಒರೆಸಿದೆ.
ಅವಳ ಬೆರಳಿಗೆ ಫೋಕಸ್ ಇಟ್ಟೆ,
ಬಿಸಿನೀರಿಗೆ ಬೆಂದು ಬಿಳಿಚಿದ, ಸುಕ್ಕಿನ ಬೆರಳು,
ಕಾಣದ ಎಳೆಯನ್ನು ಹುಡುಕಿ ಹಿಡಿಯುತ್ತಿತ್ತು.

"ಬಂದೋರೆಲ್ಲ ಕೈನೇ ತೆಗೀತಾರೆ," ಅಂದಳು.
"ಆಫೀಸಿನೋರೂ ಕೈ, ಪೇಪರಿನೋರೂ ಕೈ.
ನಂಗೆ ಮುಖ ಇಲ್ವಾ?"

ಮುಖಕ್ಕೆ ಎತ್ತಿದೆ. ಬರೀ ಮೂಗು, ಒಂದು ಕಣ್ಣು.
ಈ ಲೆನ್ಸು ತಾನು ಸರಿಯುವುದಿಲ್ಲ, ನಾನೇ ಸರಿಯಬೇಕು.
ಒಂದು ಹೆಜ್ಜೆಗೆ ಬೆನ್ನಿಗೆ ಗೋಡೆ.
ಮೂರು ಸಾವಿರದ್ದು ತಂದಿದ್ದರೆ
ನಿಂತಲ್ಲೇ ಆಗುತ್ತಿತ್ತು, ಸುಣ್ಣ ಎರಚಿಕೊಂಡು.
ಬಾಗಿಲು ದಾಟಿದೆ. ಹೊಸ್ತಿಲು ಇಳಿದೆ.
ಮೋರಿಯಲ್ಲಿ ಒಂದು ಕಾಲು, ಸತ್ತ ಹುಳುವಿನ ನೀರು ಚಪ್ಪಲಿಯೊಳಗೆ.
"ಎಲ್ಲಿಗೆ ಹೋಗ್ತೀಯೇ?" ಅಂತ ಅವಳು ತಲೆ ಎತ್ತಿದಳು.

ಒತ್ತಿದೆ.

ಬಾಗಿಲ ಚೌಕಟ್ಟು ಮಂಜಾಗಿದೆ, ಬಾಣಲೆ ಇಲ್ಲ, ಕೈ ಇಲ್ಲ.
ಕೂಗಿ ಮುಗಿಸದ ಬಾಯಿ,
ಹಣೆಗಂಟಿದ ಕೂದಲಿನಲ್ಲಿ ಒಂದು ರೇಷ್ಮೆ ತುಣುಕು.
ಎರಡು ಬೆರಳಲ್ಲಿ ಹಿಗ್ಗಿಸಲು ನೋಡಿ,
ಇದು ಫೋನಲ್ಲ ಅಂತ ಗೊತ್ತಾಗಿ,
ಪರದೆಯನ್ನು ಮೂಗಿನ ಹತ್ತಿರ ಹಿಡಿದು ಅವಳು ಬಹಳ ಹೊತ್ತು ನೋಡಿದಳು.

"ಹಲ್ಲು ಕಾಣ್ತದೆ," ಅಂದಳು. "ಇನ್ನೊಂದು ತೆಗಿ."

ಚೀಟಿಯ ಕಂತು ಹನ್ನೊಂದು ಬಾಕಿ ಇದೆ.
ಇನ್ನೊಂದು ಕಾಲನ್ನೂ ಮೋರಿಗಿಟ್ಟೆ.