ಮೇಜಿನ ಕೆಳಗಿಂದ

ಮೂವತ್ತು ವರ್ಷ ಪರದೆಯ ಮರೆಯಲ್ಲಿ ನಿಂತು
ದುರ್ಯೋಧನರಿಗೆ ಮಾತು ಎತ್ತಿಕೊಟ್ಟವನು ನಾನು.
ಒಬ್ಬ ಗ್ರಾಮಲೆಕ್ಕಿಗ, ಒಬ್ಬ ಹಾಲಿನ ಡೈರಿ ಕಾರ್ಯದರ್ಶಿ,
ಇನ್ನೊಬ್ಬ ಕಬ್ಬಿನ ಲಾರಿ ಡ್ರೈವರು.
ಗದೆ ಹೆಗಲಿಗೇರಿದ ಕೂಡಲೇ
ಎಲ್ಲರಿಗೂ ಮರೆಯುತ್ತಿದ್ದುದು ಅದೇ ಒಂದು ಸಾಲು.

ಅದಕ್ಕೇ ಕರೆದರು ಸಿನಿಮಾದವರು.
ಪಾಂಡವಪುರದ ಕಲ್ಯಾಣಮಂಟಪ,
ಎರಡನೇ ಪಂಕ್ತಿ, ಕಾಗದ ಹಾಸಿದ ಮೇಜು.
ಅದರ ಕೆಳಗೆ ನಾನು,
ಎದೆಯ ಮೇಲೆ ಸ್ಕ್ರಿಪ್ಟು, ಕಂಕುಳಲ್ಲಿ ಟಾರ್ಚು.
"ಮೇಡಮ್ಮಿಗೆ ಈ ಕಡೆ ಮಾತು ಹಿಡಿತಿಲ್ಲ ಜವರಯ್ಯನೋರೆ,
ಉಸಿರಲ್ಲಿ ಹೇಳಿ, ಮೈಕಿಗೆ ಕೇಳಬಾರದು."

ಲೋಪಾ.
ನನ್ನ ಮೊಮ್ಮಗಳ ಫೋನಿನಲ್ಲಿ ಅವಳಿಗೆ ಬೆಳ್ಳಿ ಕೂದಲು,
ಹೊಗೆಯೊಳಗಿಂದ ಎದ್ದರೆ ಇಪ್ಪತ್ತು ಸಾವಿರ ಕೈ ಏಳುತ್ತವೆ.
ನನಗೆ ಕಂಡದ್ದು ಎರಡು ಪಾದ.
ಎಡಗಾಲ ಹೆಬ್ಬೆರಳಿಗೆ ಬ್ಯಾಂಡೇಜು,
ಕಿರುಬೆರಳು ಸುಮ್ಮನಿರದೆ ತಾಳ ಹಾಕುತ್ತಿತ್ತು.

ಕತೆ ಇಷ್ಟು: ಮನೆ ಬಿಟ್ಟು ಓಡಿಬಂದ ಸಾಹುಕಾರರ ಹುಡುಗಿ
ಯಾವುದೋ ಮದುವೆಗೆ ನುಗ್ಗಿ ಎಲೆ ಮುಂದೆ ಕೂರುತ್ತಾಳೆ.
ಹೆಣ್ಣಿನವರು ಗಂಡಿನ ಕಡೆಯವಳೆಂದು,
ಗಂಡಿನವರು ಹೆಣ್ಣಿನ ಕಡೆಯವಳೆಂದು
ಪೈಪೋಟಿಗೆ ಬಿದ್ದು ಬಡಿಸುತ್ತಾರೆ.
ಪಕ್ಕದ ಎಲೆಯಲ್ಲಿ ಹೀರೋ, ದನದ ಡಾಕ್ಟರು.
ಅವನ ಚೀಲದೊಳಗೊಂದು ಮೇಕೆಮರಿ.
ಯಾಕೆಂದು ಕೇಳಬೇಡಿ, ಡೈರೆಕ್ಟರಿಗೂ ಗೊತ್ತಿರಲಿಲ್ಲ.

ಸಾಲು ಸಣ್ಣದು: "ಇನ್ನೊಸಿ ಪಾಯ್ಸ ಬುಡಿ."
ಅವಳ ಬಾಯಲ್ಲಿ ಅದು ಹಾಡಾಗುತ್ತಿತ್ತು.
"ಪಾಯ್ಸ" ಅಷ್ಟು ದೂರ ಬಳುಕಿ ಹೋಗಿ
"ಬುಡಿ" ಸರಿಯಾಗಿ ತಾಳದ ಮೇಲೆ ಬಂದು ಕೂರುತ್ತಿತ್ತು.
"ಇದು ಹಾಡಲ್ಲಮ್ಮ, ಹಸಿವು," ಎಂದರು ಡೈರೆಕ್ಟರು.
ಮತ್ತೆ. ಮತ್ತೆ.
ನಗು ಬರುವುದು ಅರ್ಧ ಮಾತ್ರೆ ತಡವಾದರೆ.
ನಮ್ಮ ಹಾರ್ಮೋನಿಯಂ ಮೇಷ್ಟ್ರು ಶಕುನಿ ಪಾರ್ಟಿನವನಿಗೆ
ಬೈದು ಬೈದು ಕಲಿಸಿದ್ದು ಇದನ್ನೇ.
ಮೇಜಿನ ಕೆಳಗಿಂದ ಅದನ್ನು ಉಸಿರಲ್ಲಿ ಹೇಳುವುದು ಹೇಗೆ?

ಹದಿನಾಲ್ಕನೇ ಟೇಕಿಗೆ ಪಾಯಸ ಗಟ್ಟಿಯಾಗಿ
ಸೌಟು ಬಿಡಲೊಲ್ಲದು.
ಮೊದಲು ಚೆಲ್ಲಿದ್ದು ಅಂಚಿನಿಂದ ತೊಟ್ಟಿಕ್ಕಿ
ನನ್ನ ಪಂಚೆಯ ಮೇಲೆ. ಪಂಚೆಗೆ ಕೆಂಜಿಗ.
ಒಂದು ಬಂತು. ಆಮೇಲೆ ಅದರ ಬೀಗರು.
ಹಲ್ಲು ಕಚ್ಚಿ ತಡೆದೆ. ಮೊಣಕಾಲ ಹಿಂದಕ್ಕೆ ಕಚ್ಚಿದಾಗ
ಉಸಿರಲ್ಲೇ, ಮೈಕಿಗೆ ಕೇಳದ ಹಾಗೆ, ಇರುವೆಗೆ ಹೇಳಿದೆ:
"ಬುಟ್ಬುಡ್ರಪ್ಪೋ ನನ್ನ, ನಾನೇನ್ ಬೆಲ್ಲಾನಾ?"

ಕಿರುಬೆರಳು ತಟ್ಟನೆ ನಿಂತಿತು.
ಮೇಲೆ ಗುಟುಕು ನುಂಗಿದ ಸದ್ದು.
ಅರ್ಧ ಮಾತ್ರೆ.
ಆಮೇಲೆ, ಎರಡೂ ಕಡೆಯ ಸೌಟುಗಳ ನಡುವೆ ಎದ್ದು ನಿಂತು
ಬಾಯಲ್ಲಿ ಇನ್ನೂ ಶಾವಿಗೆ ಇರುವಾಗಲೇ
ಲೋಪಾ ಕೂಗಿದಳು:
"ಬುಟ್ಬುಡ್ರಪ್ಪೋ ನನ್ನ! ನಾನೇನ್ ಬೆಲ್ಲಾನಾ?"

ಕಟ್ ಅನ್ನಬೇಕಾದವರು ಕುರ್ಚಿಯಿಂದ ಜಾರಿದ್ದರು.
ಬೀಗರ ಪಾರ್ಟಿನವರು ಸೌಟನ್ನೇ ಬಿಟ್ಟರು.
ಮೇಕೆಮರಿ ಚೀಲದಿಂದ ಹಾರಿ ಸಾಲಾಗಿ ಎಲೆ ಮೇಯತೊಡಗಿತು,
ಅದು ಸ್ಕ್ರಿಪ್ಟಿನಲ್ಲಿತ್ತೋ ಇಲ್ಲವೋ.
ಕಾಗದ ಸರಿಸಿ ಒಂದು ಮುಖ ಕೆಳಗೆ ಇಣುಕಿತು,
ಗಲ್ಲಕ್ಕೊಂದು ಗೋಡಂಬಿ ಚೂರು ಅಂಟಿಸಿಕೊಂಡು.
ಮೂಗಿನಲ್ಲಿ ಗೊರ್ರೆನ್ನುವ ನಗು,
ಮೊಮ್ಮಗಳ ಫೋನಿನಲ್ಲಿ ಇಲ್ಲದ್ದು.
"ಯಾವ ಪೇಜಲ್ಲಿತ್ತು ತಾತ ಇದು?"
ನಾನು ಪಂಚೆ ಕೊಡವಿ ತೋರಿಸಿದೆ.

ಸಂಜೆ ಗೇಟಿನ ಹೊರಗೆ ಜನವೋ ಜನ,
ಅವಳ ಕಾರಿನ ಗಾಜಿಗೆ ಮೂಗು, ಅಂಗೈ, ಫೋನು.
ಒಳಗೆ ಕೂತವಳು ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದಳು.
ಸದ್ದು ಕೇಳಲಿಲ್ಲ. ನನ್ನ ಕಸುಬಿನವನಿಗೆ
ಕೇಳಬೇಕಾಗಿಯೂ ಇರಲಿಲ್ಲ.

ಮಂಡ್ಯದ ಟಾಕೀಸಿನಲ್ಲಿ ಆ ಸಾಲಿಗೆ ಬಿದ್ದ ಶಿಳ್ಳೆಗೆ
ಮುಂದಿನ ಮೂರು ಮಾತು ಯಾರಿಗೂ ಕೇಳಲಿಲ್ಲ.
ನನ್ನವಳು ಮಾತ್ರ ಪಕ್ಕೆ ತಿವಿದು,
"ಅಗೋ, ಮೇಜಿನ ಕೆಳಗೆ! ನಿಮ್ಮ ಚಪ್ಪಲಿ!"
ಇತ್ತು. ರೆಪ್ಪೆ ಬಡಿಯುವಷ್ಟು ಹೊತ್ತು,
ನೀಲಿ ಪಟ್ಟಿಯ ಹವಾಯಿ, ಪಿನ್ನು ಹಾಕಿದ್ದು.
"ಆವತ್ತೇ ಬಡ್ಕೊಂಡೆ," ಅಂದಳು,
"ಹೊಸ ಜೊತೆ ಮೆಟ್ಕೊಂಡು ಹೋಗಿ ಅಂತ."